ಟ್ಯಾಪಿಂಗಿಗೆ ಯಾರಿದ್ದಾರೆ? ಮಲೆನಾಡಿನ ರಬ್ಬರ್ ಕೂಲಿಯ ಬದುಕು

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆ, ಮೆಣಸೆ, ನೆಮ್ಮಾರು, ಬೇಗಾರು ಕಡೆಯ ಅಡಿಕೆ ಬೆಳೆಗಾರರು ನಾಲ್ಕು ಜನ ಸೇರಿದರೆ ಮಾತು ಎರಡೇ ವಿಷಯದ ಸುತ್ತ ಸುತ್ತುತ್ತದೆ: ಒಂದು ರೋಗ, ಇನ್ನೊಂದು ಆಳು. ಹಳದಿ ಎಲೆ ರೋಗ ದಶಕಗಳಿಂದ ಇಲ್ಲಿಯ ತೋಟಗಳನ್ನು ತಿನ್ನುತ್ತ ಬಂದಿದೆ. ಅದರ ಬೆನ್ನಿಗೆ ಈಗ ಎಲೆಚುಕ್ಕಿ ರೋಗ. ಫಸಲು ಬಿಡದ ಮರದ ಬುಡದಲ್ಲಿ ನಿಂತವರಿಗೆ ಬದಲಿ ಬೆಳೆಯ ಯೋಚನೆ ಬರುವುದು ಸಹಜ. ಕಾಫಿ, ಕಾಳುಮೆಣಸು, ಜಾಯಿಕಾಯಿ ಎಲ್ಲ ಮುಗಿದ ಮೇಲೆ ಮಾತು ರಬ್ಬರಿಗೆ ಬರುತ್ತದೆ. ಬಂದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಗಿಡ ಹಾಕಬಹುದು ಮಾರಾಯ್ರೆ, ಟ್ಯಾಪಿಂಗಿಗೆ ಯಾರಿದ್ದಾರೆ?"

ಆ ಪ್ರಶ್ನೆಗೆ ಉತ್ತರ ಹುಡುಕಬೇಕೆಂದರೆ ಇನ್ನೂ ಕೆಲವನ್ನು ಕೇಳಿಕೊಳ್ಳಬೇಕು. ಈವರೆಗೆ ಟ್ಯಾಪಿಂಗ್ ಮಾಡಿದವರು ಎಲ್ಲಿಂದ ಬಂದರು? ಬಂದವರಿಗೆ ನಾವು ಇರಲು ಏನು ಕೊಟ್ಟೆವು? ಅವರ ಮಕ್ಕಳು ಯಾಕೆ ಆ ಕತ್ತಿ ಹಿಡಿಯಲಿಲ್ಲ?

ಅಡ್ಡಗದ್ದೆಯ ಸುತ್ತ ಅಡಿಕೆಯೇ ದೊಡ್ಡ ಬೆಳೆ. ರಬ್ಬರ್ ತೋಟ ನೋಡಬೇಕೆಂದರೆ ಕೊಪ್ಪ ದಾಟಿ ನರಸಿಂಹರಾಜಪುರದ ಕಡೆಗೆ ಹೋಗಬೇಕು. ಅಲ್ಲಿ ರಬ್ಬರನ್ನು ಊರಿಗೆ ತಂದವರು ಕೇರಳದಿಂದ ವಲಸೆ ಬಂದ ರೈತರು. ಜಾಗ ಕೊಂಡು, ಮರಗೆಣಸು, ಶುಂಠಿ, ಮೆಣಸು ಹಾಕಿ, ಮಲೇರಿಯಾದಲ್ಲಿ ನರಳಿ, ಕೊನೆಗೆ ತಾವು ಬಲ್ಲ ಮರವನ್ನೇ ನೆಟ್ಟರು. ಗಿಡದ ಜೊತೆಗೆ ಕತ್ತಿ ಹಿಡಿಯುವ ವಿದ್ಯೆಯನ್ನೂ ಅವರೇ ತಂದರು. ಮೊದಲ ತಲೆಮಾರಿನಲ್ಲಿ ಮನೆಯವರೇ ಬೆಳಗಿನ ಜಾವ ಎದ್ದು ತಮ್ಮ ಮರ ತಾವು ಗೀರಿಕೊಂಡರು, ಸಂಜೆ ಶೀಟು ಒಣಗಿಸಿದರು. ಹಾಗಾಗಿ ಆ ಕಾಲದಲ್ಲಿ ಆಳಿನ ಪ್ರಶ್ನೆ ದೊಡ್ಡದಾಗಿ ಕಾಣಲಿಲ್ಲ. ಅವರ ಮಕ್ಕಳು ನರ್ಸಿಂಗ್, ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ, ಗಲ್ಫಿಗೆ, ಯುರೋಪಿಗೆ ಹೋದ ಮೇಲೆ ತೋಟದಲ್ಲಿ ಉಳಿದವರು ಮುದುಕರು ಮತ್ತು ಮರ.

ಟ್ಯಾಪಿಂಗ್ ಎಂದರೆ ತೊಗಟೆಗೆ ಕತ್ತಿ ಹಾಕಿದರಾಯಿತು ಎಂದುಕೊಂಡವರು ಒಮ್ಮೆ ಹತ್ತಿರ ನಿಂತು ನೋಡಬೇಕು. ರಬ್ಬರಿನ ಹಾಲು ಹರಿಯುವ ನಾಳಗಳು ತೊಗಟೆಯ ಒಳಪದರದಲ್ಲಿ, ಮರ ಬೆಳೆಯುವ ಎಳೆಯ ಪದರಕ್ಕೆ ತಾಗಿದಂತೆ ದಟ್ಟವಾಗಿರುತ್ತವೆ. ಕತ್ತಿ ಮೇಲೆಮೇಲೆ ಆಡಿದರೆ ಹಾಲು ಬರುವುದಿಲ್ಲ. ಆಳಕ್ಕೆ ಹೋದರೆ ಒಳಪದರ ಗಾಯವಾಗಿ ತೊಗಟೆ ಗಂಟುಗಂಟಾಗಿ ಬೆಳೆಯುತ್ತದೆ, ಮುಂದೆ ಅಲ್ಲಿ ಕತ್ತಿ ಆಡುವುದಿಲ್ಲ. ಒಳ್ಳೆಯ ಟ್ಯಾಪರ್ ಸುಮಾರು ಒಂದು ಮಿಲಿಮೀಟರ್ ತೊಗಟೆಯನ್ನು ಬಿಟ್ಟು ಅಲ್ಲಿಗೇ ಕತ್ತಿ ನಿಲ್ಲಿಸುತ್ತಾನೆ. ಎಡಗಡೆ ಮೇಲೆ, ಬಲಗಡೆ ಕೆಳಗೆ, ಸುಮಾರು 30 ಡಿಗ್ರಿ ಓರೆಯಲ್ಲಿ, ಹಿಂದಿನ ಗೀರಿನ ಕೆಳಗೇ ಬೆರಳಿನ ಉಗುರಿನಷ್ಟು ತೆಳುವಾದ ಒಂದು ಸುರುಳಿ ಎದ್ದು ಬೀಳುತ್ತದೆ. ಗೀರಿನ ಅಂಚಿನಲ್ಲಿ ಬಿಳಿ ಹನಿ ಮೂಡಿ, ತಗಡಿನ ದಾರಿಯಲ್ಲಿ ಇಳಿದು ಗೆರಟೆಗೋ ಕಪ್ಪಿಗೋ ಸೇರುವ ಹೊತ್ತಿಗೆ ಅವನು ಎರಡು ಮರ ಮುಂದೆ ಹೋಗಿರುತ್ತಾನೆ. ಇದೆಲ್ಲ ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ. ಬಿಸಿಲೇರುವ ಮೊದಲು ಮರದೊಳಗಿನ ಒತ್ತಡ ಹೆಚ್ಚಿರುತ್ತದೆ, ಆಗಲೇ ಹಾಲು ಚೆನ್ನಾಗಿ ಇಳಿಯುವುದು. ಒಬ್ಬ ಟ್ಯಾಪರಿನ ದಿನದ ಪಾಲು ಸುಮಾರು 300 ಮರ. ಗೀರಿ ಮುಗಿಸಿ ಗಂಜಿ ಕುಡಿದು ಮತ್ತೆ ಅಷ್ಟೂ ಮರದ ಹಾಲು ಸಂಗ್ರಹಿಸಿ ತರಬೇಕು. ಅದಕ್ಕೆ ನೀರು ಬೆರೆಸಿ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು, ಶೀಟು ಮಾಡಿ ಹೊಗೆಮನೆಗೆ ಏರಿಸುವ ಕೆಲಸವೂ ಎಷ್ಟೋ ಕಡೆ ಅವನದೇ, ಅವನ ಹೆಂಡತಿಯದೇ.

ಒಂದು ರಬ್ಬರ್ ಮರ ಇಪ್ಪತ್ತು ಇಪ್ಪತ್ತೈದು ವರ್ಷ ಹಾಲು ಕೊಡಬೇಕೋ ಹತ್ತೇ ವರ್ಷದಲ್ಲಿ ಕೈಕೊಡಬೇಕೋ ಎನ್ನುವುದು ಈ ಮನುಷ್ಯನ ಮಣಿಕಟ್ಟಿನ ಮೇಲಿದೆ. ಅಂಥವನನ್ನು ನಮ್ಮ ಲೆಕ್ಕದ ಪುಸ್ತಕದಲ್ಲಿ ಕಳೆ ಕೀಳುವ ದಿನಗೂಲಿಯ ಸಾಲಿನಲ್ಲೇ ಬರೆದಿಡುತ್ತೇವೆ. ಈ ಕಸುಬಿನ ಬಿಕ್ಕಟ್ಟು ಅಲ್ಲಿಂದಲೇ ಶುರುವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಇನ್ನು ಲೆಕ್ಕ. ಒಂದು ಎಕರೆಗೆ ಹೆಚ್ಚುಕಡಿಮೆ 180 ಮರ. ದಿನ ಬಿಟ್ಟು ದಿನ ಗೀರುವುದು ವಾಡಿಕೆ. ಹಾಗಾದರೆ ಒಬ್ಬ ಟ್ಯಾಪರಿಗೆ ದಿನವೂ ಕೆಲಸ ಸಿಗಬೇಕೆಂದರೆ ಆರುನೂರು ಮರ, ಅಂದರೆ ಮೂರು ಎಕರೆಗೂ ಹೆಚ್ಚು ತೋಟ ಬೇಕು. ಭಾರತದ ರಬ್ಬರಿನಲ್ಲಿ ಬಹುಪಾಲು ಬರುವುದು ಸಣ್ಣ ಹಿಡುವಳಿಗಳಿಂದ. ಸರಾಸರಿ ಹಿಡುವಳಿ ಒಂದೂವರೆ ಎಕರೆಯ ಆಸುಪಾಸು. ಮಲೆನಾಡಿನಲ್ಲೂ ಕತೆ ಬೇರೆಯಲ್ಲ. ಒಂದು ಎಕರೆಯವನು "ಆಳು ಸಿಗುವುದಿಲ್ಲ" ಎನ್ನುತ್ತಾನೆ, ಆಳು "ಅಲ್ಲಿ ಕೆಲಸ ಸಿಗುವುದಿಲ್ಲ" ಎನ್ನುತ್ತಾನೆ. ಇಬ್ಬರ ಮಾತೂ ನಿಜ.

ಇದಕ್ಕೆ ಮಳೆ ಸೇರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿ, ಕೊಪ್ಪದಲ್ಲಿ ಸುರಿಯುವ ಮಳೆಗೆ ಗೀರಿದ ಹಾಲು ತೊಳೆದು ಹೋಗುತ್ತದೆ. ಮರಕ್ಕೆ ಪ್ಲಾಸ್ಟಿಕ್ಕಿನ ರೈನ್ ಗಾರ್ಡ್ ಕಟ್ಟದವರಿಗೆ ಆ ನಾಲ್ಕು ತಿಂಗಳು ರಜೆ. ಅಡಿಕೆಗೆ ಕೊಳೆರೋಗ ತರುವ ಶಿಲೀಂಧ್ರದ ಬಳಗದವೇ ರಬ್ಬರಿನ ಎಲೆಯನ್ನೂ ಮಳೆಗಾಲದಲ್ಲಿ ಉದುರಿಸುತ್ತವೆ. ಬೋರ್ಡೋ ದ್ರಾವಣ ಇದಕ್ಕೂ ಹೊಡೆಯಬೇಕು. ಚಳಿಗಾಲ ಮುಗಿಯುವಾಗ ಮರ ಎಲೆ ಉದುರಿಸಿ ಚಿಗುರುವ ವೇಳೆಗೆ ಇನ್ನೊಂದು ಬಿಡುವು. ವರ್ಷದಲ್ಲಿ ಕೂಲಿ ಇಲ್ಲದ ದಿನಗಳನ್ನು ಟ್ಯಾಪರ್ ಹೇಗೆ ಕಳೆಯುತ್ತಾನೆ ಎಂಬುದನ್ನು ಯಾವ ತೋಟದ ಯೋಜನಾವರದಿಯೂ ಹೇಳುವುದಿಲ್ಲ. ಅವನು ಅಡಿಕೆ ಸುಲಿಯಲು, ಕಾಫಿ ಕೊಯ್ಯಲು, ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೋದವರಲ್ಲಿ ಕೆಲವರು ಮರಳುವುದಿಲ್ಲ.

ಬೆಲೆ ಬಿದ್ದಾಗಲಂತೂ ಗುಂಪುಗುಂಪಾಗಿ ಹೋಗುತ್ತಾರೆ. 2011ರಲ್ಲಿ ಕಿಲೋ ಶೀಟು 240 ರೂಪಾಯಿ ಮುಟ್ಟಿತ್ತು. 2016ರ ಆರಂಭಕ್ಕೆ ನೂರರ ಒಳಗೆ ಬಂತು. ಎಷ್ಟೋ ತೋಟಗಳಲ್ಲಿ ಟ್ಯಾಪಿಂಗ್ ನಿಂತಿತು, ಮರದ ಬುಡದಲ್ಲಿ ಕಳೆ ಬೆಳೆಯಿತು. 2024ರ ಆಗಸ್ಟಿನಲ್ಲಿ ಬೆಲೆ ಮತ್ತೆ 240 ದಾಟಿದಾಗ ಮಾಲೀಕರು ಹಳೆಯ ಟ್ಯಾಪರನ್ನು ಹುಡುಕಿದರೆ ಅವನು ಕಟ್ಟಡ ಕೆಲಸದಲ್ಲೋ ಆಟೋ ಸ್ಟ್ಯಾಂಡಿನಲ್ಲೋ ಇದ್ದ. ಮರ ಐದು ವರ್ಷ ಸುಮ್ಮನೆ ನಿಲ್ಲಬಹುದು, ಕೂಲಿಯವನ ಹೊಟ್ಟೆ ಐದು ದಿನವೂ ಸುಮ್ಮನಿರದು.

ತೋಟಕ್ಕೆ ಜನ ತರುವ ಚರಿತ್ರೆ ರಬ್ಬರಿಗಿಂತ ಹಳೆಯದು. ಬ್ರಿಟಿಷರ ಕಾಲದ ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದ, ತಮಿಳು ಜಿಲ್ಲೆಗಳಿಂದ, ಬಯಲುಸೀಮೆಯಿಂದ ಆಳು ಬಂದರು. ಅವರನ್ನು ಕರೆತಂದವನು ಮೇಸ್ತ್ರಿ, ಹಿಡಿದಿಟ್ಟದ್ದು ಮುಂಗಡ. ಮುಂಗಡ ತೀರಿಸದೆ ಹೋದ ಕೂಲಿಗೆ ಜೈಲು ಕಾಣಿಸಬಲ್ಲ ಕಾಯ್ದೆಯೊಂದನ್ನು ಸರ್ಕಾರ 1859ರಲ್ಲಿ ತಂದಿತ್ತು. ಅದು ರದ್ದಾದದ್ದು 1920ರ ದಶಕದಲ್ಲಿ. ಕಾನೂನು ಹೋದರೂ ಮುಂಗಡ ಉಳಿಯಿತು. ಇವತ್ತಿಗೂ ಬಟವಾಡೆ ದಿನ ತೋಟದ ಲೆಕ್ಕ ಬರೆಯುವ ರೈಟರು ಪುಸ್ತಕ ತೆರೆದರೆ ಮೊದಲು ಓದುವುದು ಬಾಕಿಯ ಅಂಕಿಯನ್ನೇ.

ಕರ್ನಾಟಕದಲ್ಲಿ ರಬ್ಬರ್ ಕೂಲಿಯ ಬದುಕನ್ನು ಪೂರ್ತಿ ಅಳೆದು ನೋಡಬಹುದಾದ ಜಾಗ ಒಂದಿದೆ, ಅದು ಘಟ್ಟದ ಕೆಳಗೆ. ಸುಳ್ಯ, ಪುತ್ತೂರು, ಕಡಬ ಕಡೆಯ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು. ಅಲ್ಲಿಯ ಕೂಲಿ ಮನೆಗಳಲ್ಲಿ ತಮಿಳು ಕೇಳುತ್ತದೆ. ಆ ತಮಿಳು ಬಂದದ್ದು ಶ್ರೀಲಂಕಾದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳು ಜಿಲ್ಲೆಗಳ ಬಡವರನ್ನು ಕಂಗಾಣಿ ಎಂಬ ಮೇಸ್ತ್ರಿಗಳು ಸಿಲೋನಿನ ಕಾಫಿ ತೋಟಗಳಿಗೆ ಸಾಗಿಸಿದರು; ಕಾಫಿ ತುಕ್ಕು ರೋಗಕ್ಕೆ ಹಾಳಾದ ಮೇಲೆ ಅದೇ ಜನ ಚಹಾ, ರಬ್ಬರ್ ತೋಟಗಳಿಗೆ ಬಿದ್ದರು. 1948ರಲ್ಲಿ ಸಿಲೋನಿನ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಕೂತು ಈ ಜನರನ್ನು ಹಂಚಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷ ಮಂದಿಯನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದ ಒಪ್ಪಂದ ಅರ್ಧರ್ಧ ಮಾಡಿತು. ಆ ಒಪ್ಪಂದಗಳಲ್ಲಿ ಯಾರೂ ಕೂಲಿಯವರನ್ನು ಕೇಳಲಿಲ್ಲ.

ಹಾಗೆ ಮರಳಿದವರಲ್ಲಿ ಕೆಲವರು ನೀಲಗಿರಿಯ ಚಹಾ ತೋಟಕ್ಕೆ, ಕೆಲವರು ಕೇರಳದ ಪುನಲೂರಿನ ರಬ್ಬರಿಗೆ, ಕೆಲವರು ನಮ್ಮ ಸುಳ್ಯ, ಪುತ್ತೂರಿಗೆ ಬಂದರು. ಅರಣ್ಯ ಇಲಾಖೆ ಶುರು ಮಾಡಿದ ರಬ್ಬರ್ ನೆಡುತೋಪುಗಳನ್ನು 1971ರಲ್ಲಿ ಹುಟ್ಟಿದ ನಿಗಮ ವಹಿಸಿಕೊಂಡಿತು. ಬಂದವರಿಗೆ ಖಾಯಂ ಕೆಲಸ ಸಿಕ್ಕಿತು, ವಸತಿಗೃಹ ಸಿಕ್ಕಿತು, ಭವಿಷ್ಯನಿಧಿ ಸಿಕ್ಕಿತು. ಖಾಸಗಿ ತೋಟದ ದಿನಗೂಲಿಗೆ ಹೋಲಿಸಿದರೆ ಇದು ಸಣ್ಣ ಮಾತಲ್ಲ. ಸರ್ಕಾರ ಮನಸ್ಸು ಮಾಡಿದರೆ ತೋಟದ ಆಳಿಗೂ ಪಿಂಚಣಿಯ ಮಾತಾಡಬಹುದು ಎಂದು ಅದು ತೋರಿಸಿತು. ಆದರೆ ಆ ಮನೆ ನೌಕರಿಗೆ ಅಂಟಿಕೊಂಡಿತ್ತು. ನಿವೃತ್ತಿಯಾದವರು ಕೋಣೆ ಬಿಡಬೇಕು, ಇಲ್ಲವೆ ಮನೆಯಲ್ಲಿ ಇನ್ನೊಬ್ಬರು ಟ್ಯಾಪಿಂಗಿಗೆ ಸೇರಬೇಕು. ಮೂವತ್ತು ವರ್ಷ ಮರ ಗೀರಿದವರ ಹೆಸರಿನಲ್ಲಿ ಒಂದು ಸೆಂಟ್ ಜಾಗವೂ ಇರಲಿಲ್ಲ. ಜಾತಿ ಪ್ರಮಾಣಪತ್ರಕ್ಕಾಗಿ ಅವರ ಮಕ್ಕಳು ತಾಲ್ಲೂಕು ಕಚೇರಿ ಅಲೆದದ್ದು ಇನ್ನೊಂದು ಅಧ್ಯಾಯ. ಹೊರನಾಡಿನಿಂದ ಬಂದವರು ಎಂಬ ಕಾರಣಕ್ಕೆ ಮೀಸಲಾತಿಯ ಬಾಗಿಲು ಬಹುಕಾಲ ಅರ್ಧ ಮುಚ್ಚಿತ್ತು. ಓದಿದ ಮಕ್ಕಳು ಬೆಂಗಳೂರು, ತಿರುಪ್ಪೂರು, ಕೊಯಮತ್ತೂರಿನ ದಾರಿ ಹಿಡಿದರು. ಈಗ ಆ ತೋಟಗಳಲ್ಲೂ ಕತ್ತಿ ಹಿಡಿಯುವ ಕೈ ಕಡಿಮೆ, ಮರಗಳಿಗೂ ವಯಸ್ಸಾಗಿದೆ. ತಲೆಮಾರುಗಟ್ಟಲೆ ಇದೇ ಕೆಲಸ ಬಲ್ಲ ಜನರನ್ನು ಕೈಯಲ್ಲಿ ಇಟ್ಟುಕೊಂಡೂ ಕಳೆದುಕೊಂಡೆವು, ಅದೂ ಒಂದು ಮನೆಯ ಹಕ್ಕುಪತ್ರದ ಸಲುವಾಗಿ. ಇದು ನನಗೆ ತುಂಬ ನೋವು ತರುವ ಸಂಗತಿ.

ಮನೆಯ ಮಾತು ಬಂದಾಗ ನಮ್ಮ ಭೂಸುಧಾರಣೆಯನ್ನೂ ನೆನೆಯಬೇಕು. 1974ರ ತಿದ್ದುಪಡಿ ಮಲೆನಾಡಿನ ಗೇಣಿದಾರರ ಹಣೆಬರಹ ಬದಲಿಸಿತು. ಅಡ್ಡಗದ್ದೆಯಂಥ ಊರುಗಳಲ್ಲಿ ಎಷ್ಟೋ ಅಡಿಕೆ ತೋಟಗಳು ದುಡಿಯುವವರ ಹೆಸರಿಗೆ ಬಂದವು. ಅದೇ ಕಾಯ್ದೆ ಕೃಷಿ ಕೂಲಿಯವರಿಗೆ ತಾವು ವಾಸವಿರುವ ಮನೆಯ ಜಾಗದ ಹಕ್ಕನ್ನೂ 38ನೆಯ ಕಲಮಿನಲ್ಲಿ ಕೊಟ್ಟಿತು. ಆದರೆ 104ನೆಯ ಕಲಮು ಏಲಕ್ಕಿ, ಕಾಫಿ, ಮೆಣಸು, ರಬ್ಬರು, ಚಹಾ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು, ಈ ಮನೆಯ ಹಕ್ಕಿನಿಂದಲೂ ಹೊರಗಿಟ್ಟಿತು. ಗದ್ದೆಯಂಚಿನ ಗುಡಿಸಲಿನಲ್ಲಿದ್ದವರು ಅರ್ಜಿ ಕೊಡಬಹುದಿತ್ತು, ಎಸ್ಟೇಟಿನ ಕೂಲಿ ಲೈನ್ ಮನೆಗಳಲ್ಲಿದ್ದವರಿಗೆ ಆ ಅವಕಾಶವೇ ಇರಲಿಲ್ಲ. ಅಜ್ಜ ಸತ್ತ, ಅಪ್ಪ ಹುಟ್ಟಿದ ಕೋಣೆ ಇಂದಿಗೂ ತೋಟದ ಮಾಲೀಕರದ್ದೇ.

1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮನೆ, ಕುಡಿಯುವ ನೀರು, ಕಕ್ಕಸು, ಆಸ್ಪತ್ರೆ, ಶಿಶುಮಂದಿರ ಎಲ್ಲವನ್ನೂ ಮಾಲೀಕರ ಹೊಣೆ ಎಂದಿತು. ಒಳ್ಳೆಯ ಕಾಯ್ದೆ. ಆದರೆ ಅದು ಅನ್ವಯವಾದದ್ದು ಐದು ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ, ಹದಿನೈದು ಆಳಿಗೆ ಕಡಿಮೆ ಇಲ್ಲದ ತೋಟಕ್ಕೆ. ಕೊಪ್ಪ, ನರಸಿಂಹರಾಜಪುರದ ಎರಡು ಮೂರು ಎಕರೆಯ ರಬ್ಬರಿಗೆ ಇದರ ಗಾಳಿಯೂ ಸೋಕಲಿಲ್ಲ. ಈಗ ಆ ಕಾಯ್ದೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಗಿದೆ. ಸಣ್ಣ ತೋಟದ ಕೂಲಿ ಮೊದಲೂ ಹೊರಗಿದ್ದ, ಈಗಲೂ ಹೊರಗೆ.

ನಮ್ಮ ಕಡೆಯ ಲೈನ್ ಮನೆಗಳನ್ನು ನಾನು ಹೊರಗಿನಿಂದಷ್ಟೇ ನೋಡಿದವನಲ್ಲ. ಒಂದು ಕೋಣೆ, ಹಿಂದೆ ಒಲೆಯ ಜಾಗ, ಮುಂದೆ ಮೂರಡಿಯ ಜಗಲಿ. ಮೇಲೆ ಸಿಮೆಂಟ್ ಶೀಟು. ಜುಲೈಯಲ್ಲಿ ಒದ್ದೆ ಬಟ್ಟೆ, ಒದ್ದೆ ಸೌದೆ, ಮಕ್ಕಳ ಪುಸ್ತಕ ಎಲ್ಲವೂ ಒಲೆಯ ಮೇಲಿನ ಅಟ್ಟದಲ್ಲೇ ಒಣಗಬೇಕು. ಹೊಗೆ ಅದೇ ಕೋಣೆಯಲ್ಲಿ ಸುತ್ತಿ ಅಲ್ಲೇ ಮಲಗುತ್ತದೆ. ಕೆಲವು ಕಡೆ ಮಾಲೀಕರು ಟೈಲ್ಸ್ ಹಾಕಿ, ಗ್ಯಾಸ್ ಕೊಟ್ಟು, ಡಿಶ್ ಕಟ್ಟಿಸಿದ್ದಾರೆ. ಅಂಥ ಕಡೆ ಆಳು ನಿಲ್ಲುತ್ತಾರೆ ಎಂಬುದನ್ನೂ ಕಂಡಿದ್ದೇನೆ.

ಕೆಲಸದ ಅಪಾಯಗಳು ಜಾಗಕ್ಕೆ ತಕ್ಕಂತೆ. ಮಳೆಯಲ್ಲಿ ಮಗುಚಿಡದ ಕಪ್ಪುಗಳಲ್ಲಿ ನೀರು ನಿಂತು ಡೆಂಗಿ, ಚಿಕುನ್‌ಗುನ್ಯಾದ ಸೊಳ್ಳೆ ಹುಟ್ಟುತ್ತದೆ. ನವೆಂಬರಿನಿಂದ ಮೇ ತನಕ ಉಣುಗಿನ ಕಾಲ, ಅದೇ ಟ್ಯಾಪಿಂಗಿನ ಮುಖ್ಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಜೀವ ತೆಗೆದಿದೆ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲ ಎಂದು ನಿಲ್ಲಿಸಲಾಗಿದೆ; ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮೈಗೆ ಹಚ್ಚಿಕೊಂಡು ಹೋಗಬೇಕು. ಆ ಬಾಟಲಿ ವೋಟರ್ ಲಿಸ್ಟಿನಲ್ಲಿರುವವರ ಮನೆಗೆ ಮೊದಲು ತಲುಪುತ್ತದೆ, ಹೊರರಾಜ್ಯದವರ ಲೈನಿಗೆ ಕೊನೆಗೆ. ಇನ್ನು ಆನೆ. ನರಸಿಂಹರಾಜಪುರ, ಬಾಳೆಹೊನ್ನೂರು ಭಾಗದಲ್ಲಿ ಕಾಡಾನೆಗೆ ಸಿಕ್ಕಿ ಸತ್ತವರಲ್ಲಿ ತೋಟದ ಕೂಲಿಯವರೂ ಇದ್ದಾರೆ. ನಸುಕಿನಲ್ಲಿ ಒಂಟಿಯಾಗಿ ಟಾರ್ಚ್ ಕಟ್ಟಿಕೊಂಡು ತೋಟಕ್ಕಿಳಿಯುವ ಕಸುಬಿಗೆ ಇದಕ್ಕಿಂತ ದೊಡ್ಡ ಭಯ ಯಾವುದು?

ಈಗ ತೋಟಗಳನ್ನು ನಡೆಸುತ್ತಿರುವವರು ಬಹುಮಟ್ಟಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯವರು. ಕಾಫಿ ಕೊಯ್ಲಿಗೆ ಬಂದವರು ನಿಧಾನವಾಗಿ ಬೇರೆ ಕೆಲಸಕ್ಕೂ ಒಗ್ಗಿದ್ದಾರೆ. ಮಕ್ಕಳಿಲ್ಲದೆ ಮುಚ್ಚಬೇಕಿದ್ದ ಸರ್ಕಾರಿ ಶಾಲೆಗಳಲ್ಲಿ ಅವರ ಮಕ್ಕಳು ಕನ್ನಡ ಅಕ್ಷರ ತಿದ್ದುತ್ತಿದ್ದಾರೆ. ಒಂದೇ ವರ್ಷದಲ್ಲಿ ಮೇಷ್ಟ್ರ ಹತ್ತಿರ ಮಲೆನಾಡಿನ ಕನ್ನಡವನ್ನೇ ಆಡುತ್ತಾರೆ. ಊರಿನ ಪಡಿತರ ಚೀಟಿಯಲ್ಲಿ ಎಲ್ಲಿ ಬೇಕಾದರೂ ಅಕ್ಕಿ ಪಡೆಯುವ ವ್ಯವಸ್ಥೆ ದೇಶದಲ್ಲಿದೆ, ಆದರೆ ನ್ಯಾಯಬೆಲೆ ಅಂಗಡಿಗೆ ಇವರನ್ನು ಕರೆದೊಯ್ದು ಅದನ್ನು ಹೇಳಿಕೊಡುವವರು ಅಪರೂಪ. ಗ್ರಾಮಸಭೆಯಲ್ಲಿ ಇವರ ಮಾತು ಬರುವುದು ಪೊಲೀಸ್ ದಾಖಲೆ ಕೇಳುವಾಗ ಮಾತ್ರ.

ಈ ಆಳು ಯಾವಾಗಲೂ ಬರುತ್ತಿರುತ್ತಾರೆ ಎಂದು ನಂಬಿ ಕೂತವರಿಗೆ ಒಂದು ಎಚ್ಚರಿಕೆ. ಕೇರಳ ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ರಬ್ಬರ್ ಬೆಳೆಯುವುದು ತ್ರಿಪುರ. 2021ರಲ್ಲಿ ಟಯರ್ ಕಂಪನಿಗಳ ಸಂಘ ಮತ್ತು ರಬ್ಬರ್ ಮಂಡಳಿ ಸೇರಿ ಈಶಾನ್ಯ ರಾಜ್ಯಗಳು ಮತ್ತು ಪಶ್ಚಿಮ ಬಂಗಾಳದಲ್ಲಿ ಎರಡು ಲಕ್ಷ ಹೆಕ್ಟೇರಿನಲ್ಲಿ ರಬ್ಬರ್ ನೆಡುವ ಯೋಜನೆ ಕೈಗೆತ್ತಿಕೊಂಡವು. ಆ ಗಿಡಗಳು ಈ ದಶಕದ ಕೊನೆಯಲ್ಲಿ ಹಾಲಿಗೆ ಬರಲು ಶುರುವಾಗುತ್ತವೆ. ಅಸ್ಸಾಮಿನ ಯುವಕನಿಗೆ ಮನೆಯ ಹಿಂದೆಯೇ ಟ್ಯಾಪಿಂಗ್ ಸಿಕ್ಕರೆ ಮೂರು ದಿನ ರೈಲಿನಲ್ಲಿ ಕೂತು ನಮ್ಮ ಜಿಗಣೆ, ಮಳೆ, ಲೈನ್ ಮನೆಗೆ ಅವನು ಯಾಕೆ ಬರಬೇಕು?

ಹಾಗಾದರೆ ಕತೆ ಮುಗಿಯಿತೆ? ನನಗೆ ಹಾಗೆನ್ನಿಸುವುದಿಲ್ಲ, ಯಾಕೆಂದರೆ ಅಡಿಕೆಯಲ್ಲಿ ಒಂದು ಬದಲಾವಣೆಯನ್ನು ನಾವೇ ಕಂಡಿದ್ದೇವೆ. ಕೊನೆ ತೆಗೆಯುವವರು ಸಿಗದೆ ತೋಟ ಮಾರುವ ಮಾತು ಬಂದಿತ್ತು. ಫೈಬರ್ ದೋಟಿ ಬಂತು, ತರಬೇತಿ ಶಿಬಿರಗಳು ನಡೆದವು, ಹುಡುಗರು ತಂಡ ಕಟ್ಟಿ ಊರೂರಿಗೆ ಬೈಕಿನಲ್ಲಿ ಹೋಗಿ ಗಟ್ಟಿ ದರಕ್ಕೆ ಕೆಲಸ ಮಾಡಲು ಶುರು ಮಾಡಿದರು. ಈಗ ಅವರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳುವವರು ಬೆಳೆಗಾರರೇ. ಕೈಚಳಕಕ್ಕೆ ತಕ್ಕ ದುಡ್ಡು, ಕರೆಯುವ ಮಾತಿನಲ್ಲಿ ಮರ್ಯಾದೆ ಎರಡೂ ಬಂದಾಗ ಊರಿನ ಹುಡುಗರೇ ಆ ಕೆಲಸಕ್ಕೆ ಮರಳಿದರು.

ರಬ್ಬರಿನಲ್ಲೂ ಇದು ಸಾಧ್ಯ. ಅಕ್ಕಪಕ್ಕದ ನಾಲ್ಕೈದು ಸಣ್ಣ ಬೆಳೆಗಾರರು ತಮ್ಮ ಮರಗಳನ್ನು ಒಂದೇ ಲೆಕ್ಕಕ್ಕೆ ಸೇರಿಸಿದರೆ ಒಬ್ಬ ಟ್ಯಾಪರಿಗೆ ದಿನವೂ ಕೆಲಸವಾಗುತ್ತದೆ. ರಬ್ಬರ್ ಮಂಡಳಿ ಪ್ರಚಾರ ಮಾಡುತ್ತಿರುವ ವಾರಕ್ಕೊಮ್ಮೆ ಗೀರುವ ಪದ್ಧತಿಯಲ್ಲಿ, ಎಥೆಫಾನ್ ಎಂಬ ಉತ್ತೇಜಕ ಹಚ್ಚಿ, ಒಬ್ಬರೇ ಹೆಚ್ಚು ತೋಟ ನೋಡಿಕೊಳ್ಳಬಹುದು, ತೊಗಟೆಯೂ ಉಳಿಯುತ್ತದೆ. ಮಳೆಗಾಲದ ಬಿಡುವಿಗೆ ಒಂದಿಷ್ಟು ಕೂಲಿ ಕೊಡದ ತೋಟಕ್ಕೆ ಅಕ್ಟೋಬರಿನಲ್ಲಿ ಆಳು ಮರಳುತ್ತಾರೆಂದು ನಿರೀಕ್ಷಿಸುವುದು ತಪ್ಪು. ಕೇರಳದಲ್ಲಿ ಹೆಂಗಸರು ಟ್ಯಾಪಿಂಗ್ ಕಲಿತು ದುಡಿಯುತ್ತಿದ್ದಾರೆ. ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕನ್ನಡದಲ್ಲೇ ಆ ತರಬೇತಿ ಕೊಡಿಸಿ, ಹೆಣ್ಣಾಳು ಗಂಡಾಳು ಎಂಬ ಭೇದವಿಲ್ಲದೆ ಮರದ ಲೆಕ್ಕದಲ್ಲಿ ದರ ಕೊಡಬೇಕು. ಎಲ್ಲಕ್ಕಿಂತ ಮೊದಲು ಮನೆ. ಪಂಚಾಯಿತಿಯ ಜಾಗದಲ್ಲಿ, ಯಾವ ಮಾಲೀಕರಿಗೂ ಸೇರದ, ಕೆಲಸ ಬಿಟ್ಟರೂ ಬಿಡಬೇಕಿಲ್ಲದ ಮನೆ. ಸುಳ್ಯದಲ್ಲಿ ಐವತ್ತು ವರ್ಷ ನಾವು ಕೊಡದೆ ಹೋದದ್ದು ಇದನ್ನೇ.

ಅಡ್ಡಗದ್ದೆ, ಕೊಪ್ಪ, ನರಸಿಂಹರಾಜಪುರದಲ್ಲಿ ಹೊಸದಾಗಿ ರಬ್ಬರ್ ಹಾಕಬೇಕೆಂದಿರುವವರಲ್ಲಿ ನನ್ನ ವಿನಂತಿ ಇಷ್ಟು. ಗಿಡ ನೆಟ್ಟು ಹಾಲು ಕಾಣಲು ಏಳು ವರ್ಷ ಬೇಕು. ನಮ್ಮ ಎತ್ತರದಲ್ಲಿ ಬೆಳವಣಿಗೆ ನಿಧಾನವಾದ್ದರಿಂದ ಇನ್ನೂ ಒಂದೆರಡು ವರ್ಷ ಹಿಡಿಯಬಹುದು. ಒಂದು ಸಂಘ ಕಟ್ಟಲು, ಊರಿನ ಹತ್ತು ಜನರಿಗೆ ಕತ್ತಿ ಹಿಡಿಯಲು ಕಲಿಸಲು, ನಾಲ್ಕು ಮನೆ ಕಟ್ಟಲು ಅಷ್ಟು ಕಾಲ ಧಾರಾಳವಾಗಿ ಸಾಕು. ನರ್ಸರಿಗೆ ಮುಂಗಡ ಕೊಡುವ ಮೊದಲು ಆ ಮನೆಗಳಿಗೆ ಜಾಗ ಗೊತ್ತುಮಾಡಿ.